ಬೆಂಗಳೂರಿನ ಕಿಟಕಿಯಲ್ಲಿ ಮೆಕ್ಸಿಕೋ ಗುಡ್ಡದ ಬಟರ್‌ವರ್ಟ್: ನುಸಿ ತಿನ್ನುವ ಗಿಡ ಬೆಳೆಸುವ ಬಗೆ

ನಮ್ಮ ಅಡುಗೆಮನೆ ಕಿಟಕಿಯಲ್ಲಿ, ಕೊತ್ತಂಬರಿ ಕಟ್ಟು ನಿಲ್ಲಿಸಿಡುವ ಲೋಟದ ಪಕ್ಕ, ಅಂಗೈಯಷ್ಟು ಅಗಲದ ಗಿಡವೊಂದಿದೆ. ಬಂದವರೆಲ್ಲ ಮೊದಲು ಅದನ್ನು ಸಕ್ಯುಲೆಂಟ್ ಅಂದುಕೊಳ್ಳುತ್ತಾರೆ. ತಿಳಿಹಸಿರು ಎಲೆಗಳು ತಾವರೆಯ ಹಾಗೆ ಸುತ್ತ ಹರಡಿವೆ, ಅಂಚಿಗೆ ನಸುಗೆಂಪು. ಬೆರಳಿಟ್ಟರೆ ಬೆಣ್ಣೆ ಸವರಿದಂತೆ ಜಿಡ್ಡು. ಬಗ್ಗಿ ನೋಡಿದರೆ ಎಲೆ ಮೇಲೆ ಕರಿ ಎಳ್ಳು ಉದುರಿದ ಹಾಗೆ ಚುಕ್ಕೆಗಳು. ಅವು ಎಳ್ಳಲ್ಲ, ನುಸಿಗಳು. ಬಾಳೆಹಣ್ಣಿನ ಬುಟ್ಟಿಯಿಂದಲೂ ಪಕ್ಕದ ಕುಂಡಗಳ ಒದ್ದೆ ಮಣ್ಣಿನಿಂದಲೂ ಎದ್ದವು, ಇಲ್ಲಿಗೆ ಬಂದು ಕೂತವು, ಮತ್ತೆ ಏಳಲಿಲ್ಲ.

ಇದು ಪಿಂಗ್ವಿಕುಲಾ. ಇಂಗ್ಲಿಷಿನಲ್ಲಿ ಬಟರ್‌ವರ್ಟ್ ಅನ್ನುತ್ತಾರೆ, ಬೆಳೆಸುವವರ ಬಾಯಲ್ಲಿ ಬರೀ ‘ಪಿಂಗ್’. ಲ್ಯಾಟಿನ್ನಿನಲ್ಲಿ ‘ಪಿಂಗ್ವಿಸ್’ ಎಂದರೆ ಕೊಬ್ಬು, ಜಿಡ್ಡು. ಯುರೋಪಿನ ಉತ್ತರದಲ್ಲಿ ಈ ಎಲೆ ಹಾಕಿ ಹಾಲು ಗಟ್ಟಿ ಮಾಡುವ ರೂಢಿಯಿತ್ತೆಂದು 18ನೇ ಶತಮಾನದಲ್ಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಬರೆದಿಟ್ಟಿದ್ದಾನೆ. ನಾವು ಮಜ್ಜಿಗೆಯಿಂದ ಹೆಪ್ಪು ಹಾಕುವಲ್ಲಿ ಅವರು ಕೀಟ ತಿನ್ನುವ ಎಲೆ ಹಾಕುತ್ತಿದ್ದರು. (ಮನೆಯಲ್ಲಿ ಪ್ರಯೋಗ ಮಾಡಬೇಡಿ. ನಮ್ಮ ಅಮ್ಮ ಈ ಕತೆ ಕೇಳಿದ ದಿನದಿಂದ ಹಾಲಿನ ಪಾತ್ರೆಗೆ ಎರಡು ಮುಚ್ಚಳ ಹಾಕುತ್ತಿದ್ದಾರೆ.)

ಪಿಂಗ್‌ಗಳಲ್ಲಿ ಸುಮಾರು ನೂರು ಪ್ರಭೇದಗಳಿವೆ. ಅವುಗಳಲ್ಲಿ ನಮ್ಮ ಕೈಗೆ ಹತ್ತುವುದು ಯಾವುದು, ಹತ್ತದ್ದು ಯಾವುದು ಎಂದು ಮೊದಲು ತಿಳಿಯಬೇಕು. ಹಿಮಾಲಯದಲ್ಲೂ ಒಂದಿದೆ, ಪಿಂಗ್ವಿಕುಲಾ ಆಲ್ಪಿನಾ. ನಮ್ಮ ದೇಶದ್ದೇ ಅಲ್ಲವೇ ಎಂದು ಅದಕ್ಕೆ ಆಸೆಪಡಬೇಡಿ. ಹಿಮ ಬೀಳುವ ಚಳಿಗಾಲದಲ್ಲಿ ಅದು ಮೊಗ್ಗಿನಂತೆ ಮುದುಡಿ ತಿಂಗಳುಗಟ್ಟಲೆ ಮಲಗಬೇಕು. ಆ ಚಳಿ ಇಲ್ಲಿ ಸಿಗದು. ನಮಗೆ ಬೇಕಾದವು ಮೆಕ್ಸಿಕೋದವು.

ಯಾಕೆಂದರೆ ಮೆಕ್ಸಿಕೋದ ಓಹಾಕಾ ನಗರ ನಮ್ಮ ವಿಜಯಪುರದ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ, ಸುಮಾರು 17 ಡಿಗ್ರಿ ಉತ್ತರ. ಎತ್ತರ ಮಾತ್ರ ಹೆಚ್ಚು, ಸುಮಾರು 1,550 ಮೀಟರ್. ಅಲ್ಲಿಯ ಗುಡ್ಡಗಳಲ್ಲಿ ಮಳೆಗಾಲ ಮೇ ಕೊನೆಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ವಸಂತದವರೆಗೂ ಒಣ ಹವೆ. ಓಕ್ ಮತ್ತು ಪೈನ್ ಕಾಡಿನ ಪಾಚಿ ದಂಡೆಗಳಲ್ಲಿ, ಸುಣ್ಣಕಲ್ಲು ಮತ್ತು ಜಿಪ್ಸಂ ಬಂಡೆಗಳ ಬಿರುಕುಗಳಲ್ಲಿ ಪಿಂಗ್ ಬೆಳೆಯುತ್ತದೆ. ಮಳೆ ಬಂದಾಗ ಅಗಲವಾದ ಅಂಟು ಎಲೆ ಬಿಟ್ಟು ಬೇಟೆಯಾಡುತ್ತದೆ. ಮಳೆ ನಿಂತು ಕೀಟಗಳು ಕಡಿಮೆಯಾದ ಮೇಲೆ ಆ ಎಲೆಗಳನ್ನು ಬಿಟ್ಟುಕೊಟ್ಟು, ಅಂಟಿಲ್ಲದ ದಪ್ಪ ಪುಟ್ಟ ಎಲೆಗಳ ಗುಪ್ಪೆಯಾಗಿ ಕೂರುತ್ತದೆ. ಒಂದೇ ಗಿಡಕ್ಕೆ ವರ್ಷದಲ್ಲಿ ಎರಡು ವೇಷ.

ಈ ಕ್ಯಾಲೆಂಡರ್ ಬೆಂಗಳೂರಿಗೆ, ಮೈಸೂರಿಗೆ, ಹಾಸನಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಹಾಗಾಗಿ ‘ವಾರಕ್ಕೆ ಎರಡು ಸಲ ನೀರು’ ಎಂಬ ಚೀಟಿಯ ಮಾತನ್ನು ಮರೆತುಬಿಡಿ. ಗಿಡ ಯಾವ ವೇಷದಲ್ಲಿದೆ ಎಂದು ನೋಡಿ ನೀರು ಕೊಡಿ. ನನ್ನ ಮೊದಲ ಪಿಂಗ್ ಸತ್ತದ್ದು ಇದು ಗೊತ್ತಿಲ್ಲದೆ. ಡಿಸೆಂಬರಿನಲ್ಲಿ ಎಲೆ ಚಿಕ್ಕದಾಯಿತೆಂದು ಹೆದರಿ ನೀರು ಹೆಚ್ಚಿಸಿದೆ. ಹತ್ತು ದಿನಕ್ಕೆ ನಡುಭಾಗ ಕೊಳೆತ ಟೊಮೆಟೊ ಹಾಗಾಯಿತು.

ಯಾವ ಗಿಡ ತರಬೇಕು

ಮೊದಲ ಗಿಡವಾಗಿ ಮೊರಾನೆನ್ಸಿಸ್ ಎಂಬ ಮೆಕ್ಸಿಕೋ ಪ್ರಭೇದವನ್ನು ತನ್ನಿ, ಇಲ್ಲವೇ ಅದರ ಮಿಶ್ರತಳಿಗಳಾದ ‘ಸೆಥೋಸ್’, ‘ವೇಸರ್’ ತನ್ನಿ. ಯುರೋಪಿನ ಅನ್ವೇಷಕರಾದ ಹಂಬೋಲ್ಟ್ ಮತ್ತು ಬಾನ್‌ಪ್ಲಾನ್ ಮೆಕ್ಸಿಕೋ ಸುತ್ತಿದಾಗ ಸಂಗ್ರಹಿಸಿದ ಗಿಡಗಳ ಪೈಕಿ ಮೊರಾನೆನ್ಸಿಸ್ ಒಂದು. 1817ರಲ್ಲಿ ಸಸ್ಯವಿಜ್ಞಾನಿ ಕುಂತ್ ಅದಕ್ಕೆ ಹೆಸರಿಟ್ಟ. ಎಲೆ ದೊಡ್ಡದು, ಹೂವು ನೇರಳೆ ಮಿಶ್ರಿತ ಗುಲಾಬಿ, ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಜಾಗ ಕಡಿಮೆ ಇದ್ದರೆ ಎಸ್ಸೇರಿಯಾನಾ. ಹಳೆಯ ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಒಂದರಿಂದ ಬೇಗ ಹತ್ತಾಗುತ್ತದೆ. ಜೈಗ್ಯಾಂಟಿಯಾ ಎಲೆಯ ಎರಡೂ ಮೈ ಅಂಟು, ನೋಡಲು ಭರ್ಜರಿ. ಕಡುಗೆಂಪು ಹೂವಿನ ಲಾವೇಯಾನಾ ಚೆಂದ, ಆದರೆ ಬೇಸಿಗೆಯ ಬಿಸಿ ರಾತ್ರಿಗೆ ಮುಖ ಸಿಂಡರಿಸುತ್ತದೆ. ಎರಡನೇ ವರ್ಷಕ್ಕೆ ಇರಲಿ.

ಊರಿನ ಮಾತೂ ಇದೆ. ಚಿಕ್ಕಮಗಳೂರು, ಮಡಿಕೇರಿಯವರಿಗೆ ತಂಪು ವರ. ಆದರೆ ಗಿಡವನ್ನು ನೇರ ಮಳೆಗೆ ಇಡಬೇಡಿ, ಸೂರಿನಡಿ ಇರಲಿ. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಇಳಿಯದ್ದರಿಂದ ಪಿಂಗ್‌ಗಿಂತ ಹೂಜಿ ಗಿಡ (ಹೂಜಿಯಂಥ ಎಲೆಯಲ್ಲಿ ಕೀಟ ಹಿಡಿಯುವ ನೆಪೆಂಥಿಸ್) ಸುಖ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಗಿಡವನ್ನು ಮನೆಯ ಅತಿ ತಣ್ಣನೆಯ ಕೋಣೆಯಲ್ಲಿ, ಎಲ್‌ಇಡಿ ಬೆಳಕಿನಡಿ ಇಟ್ಟು ಉಳಿಸಿಕೊಳ್ಳಬೇಕಾಗುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಕಾಡಿನಿಂದ ಕಿತ್ತು ಮಾರುವವರಿಂದ ಯಾವ ಕೀಟಾಹಾರಿ ಗಿಡವನ್ನೂ ಕೊಳ್ಳಬೇಡಿ. ವಿದೇಶದಿಂದ ತರಿಸುವುದಾದರೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಟಿಶ್ಯೂ ಕಲ್ಚರ್‌ನಿಂದ ಬಂದವು, ಹವ್ಯಾಸಿಗಳು ಎಲೆಯಿಂದ ಬೆಳೆಸಿದವು ಈಗ ಇಲ್ಲೇ ಸಿಗುತ್ತವೆ. ‘ಬಣ್ಣಬಣ್ಣದ ಫ್ಲೈಟ್ರಾಪ್ (ಕೀಟ ಕೂತರೆ ಬಾಯಿ ಮುಚ್ಚುವ ಗಿಡ) ಬೀಜ’ ಎಂದು ನೀಲಿ ಚಿತ್ರ ಹಾಕಿ ಮಾರುವ ಪೊಟ್ಟಣ ನಾನೂ ಒಮ್ಮೆ ತರಿಸಿದ್ದೆ. ಮೊಳೆತದ್ದು ಯಾವುದೋ ಹುಲ್ಲು.

ನೀರು, ನೀರು, ನೀರು

ಕೀಟಾಹಾರಿ ಗಿಡಗಳು ಕೀಟ ತಿನ್ನುವುದು ರುಚಿಗಲ್ಲ. ಅವು ಬೆಳೆಯುವ ನೆಲದಲ್ಲಿ ಸಾರಜನಕ, ರಂಜಕ ಸಿಗದು. ಅದನ್ನು ಎಲೆಯಿಂದ ಗಳಿಸುತ್ತವೆ. ಬೇರಿಗೆ ಲವಣ ಒಗ್ಗುವುದಿಲ್ಲ. ಗೊಬ್ಬರದ ಮಣ್ಣಿಗೆ ನೆಟ್ಟರೆ ಉಪಕಾರವಲ್ಲ, ಕೊಲೆ.

ಮೊದಲು ಒಂದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಉಪಕರಣ, ತಗೊಳ್ಳಿ. ಪೆನ್ನಿನ ಹಾಗಿರುತ್ತದೆ, ಕೆಲವು ನೂರು ರೂಪಾಯಿ. ಗಿಡಕ್ಕೆ ಕೊಡುವ ಹಣಕ್ಕಿಂತ ಮೊದಲು ಇದಕ್ಕೆ ಕೊಡಿ. ನೀರಿನ ಲವಣ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಒಳಗಿದ್ದರೆ ಎಲ್ಲ ಕೀಟಾಹಾರಿಗಳಿಗೂ ಸರಿ. ಮೆಕ್ಸಿಕೋ ಪಿಂಗ್ ಸುಣ್ಣಕಲ್ಲಿನ ಮೇಲೆ ಹುಟ್ಟಿದ್ದಾದ್ದರಿಂದ 100ರ ಆಚೆಗೂ ತುಸು ತಾಳಿಕೊಳ್ಳುತ್ತದೆ, ಡ್ರಾಸೆರಾ (ರೋಮದ ತುದಿಯ ಅಂಟುಹನಿಯಿಂದ ಕೀಟ ಹಿಡಿಯುವ ಇನ್ನೊಂದು ಗಿಡ) ತಾಳದು. ನಮ್ಮ ಬಡಾವಣೆಯ ಬೋರ್ ನೀರು 800 ತೋರಿಸುತ್ತದೆ. ಸ್ಟೀಲ್ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ನೀರು ಎಂದರೆ ಇದೇ. ಕುದಿಸಿ ಆರಿಸಿದರೆ ಸಾಕಲ್ಲ ಎಂದು ಕೇಳುತ್ತಾರೆ. ಸಾಲದು. ಕುದಿಸಿದಾಗ ಸುಣ್ಣದಂಶ ಸ್ವಲ್ಪ ತಳಕ್ಕಿಳಿದೀತು, ಉಪ್ಪು ಹೋಗುವುದಿಲ್ಲ.

ಮಳೆನೀರಿಗೆ ಸಮ ಇನ್ನೊಂದಿಲ್ಲ. ಮೊದಲ ಹತ್ತು ನಿಮಿಷ ತಾರಸಿ ತೊಳೆದುಹೋಗಲು ಬಿಟ್ಟು, ಆಮೇಲೆ ಬಕೆಟ್ ಇಡಿ. ಇಪ್ಪತ್ತು ಲೀಟರಿನ ಎರಡು ಕ್ಯಾನ್ ತುಂಬಿ ಮುಚ್ಚಿ ಕತ್ತಲಲ್ಲಿಟ್ಟರೆ ನಾಲ್ಕೈದು ಪುಟ್ಟ ಕುಂಡಗಳಿಗೆ ತಿಂಗಳುಗಟ್ಟಲೆ ಬರುತ್ತದೆ. ಇಲ್ಲವಾದರೆ ಆರ್‌ಓ ನೀರು. ಆದರೆ ಈಗಿನ ಎಷ್ಟೋ ಆರ್‌ಓ ಯಂತ್ರಗಳು ರುಚಿಗೆಂದು ಖನಿಜವನ್ನು ಮತ್ತೆ ಬೆರೆಸುತ್ತವೆ, ಆದ್ದರಿಂದ ಅದನ್ನೂ ಅಳೆಯಿರಿ. ಬಾಟಲಿಯ ‘ಮಿನರಲ್ ವಾಟರ್’ ಬೇಡ. ಹೆಸರಿನಲ್ಲೇ ಮಿನರಲ್ ಇದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದೀತು.

ಕುಂಡ ಮತ್ತು ಮಿಶ್ರಣ

ಪಿಂಗ್‌ನ ಬೇರು ನೋಡಿದರೆ ಪಾಪ ಅನ್ನಿಸುತ್ತದೆ, ನಾಲ್ಕು ಬಿಳಿ ದಾರ ಅಷ್ಟೆ. ಆದ್ದರಿಂದ ಎಂಟು-ಹತ್ತು ಸೆಂಟಿಮೀಟರ್ ಅಗಲದ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡ ಸಾಕು. ಮೊಸರಿನ ಡಬ್ಬಿಗೆ ಕಾದ ಮೊಳೆಯಿಂದ ನಾಲ್ಕು ತೂತು ಮಾಡಿದರೂ ನಡೆಯುತ್ತದೆ. ಮಣ್ಣಿನ ಕುಂಡ ಬೋರ್ ನೀರಿನ ಉಪ್ಪನ್ನು ಗೋಡೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಹಳೆಯದನ್ನು ಬಳಸಬೇಡಿ.

ನನ್ನ ಅಳತೆ ಹೀಗೆ: ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಎರಡು ಲೋಟ, ವರ್ಮಿಕ್ಯುಲೈಟ್ (ಅದೇ ಬಗೆಯಲ್ಲಿ ಅರಳಿಸಿದ ಪದರ ಪದರದ ಖನಿಜ) ಒಂದು ಲೋಟ, ದಪ್ಪ ಸಿಲಿಕಾ ಮರಳು ಒಂದು ಲೋಟ, ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ) ಅರ್ಧ ಲೋಟ. ಪರ್ಲೈಟ್ ಚೀಲ ಬಿಚ್ಚುವ ಮುಂಚೆ ಒಳಗೆ ನೀರು ಚಿಮುಕಿಸಿ, ಅದರ ಬಿಳಿ ಧೂಳು ಎದೆಗೆ ಒಳ್ಳೆಯದಲ್ಲ. ಮರಳನ್ನು ಅಕ್ವೇರಿಯಂ ಅಂಗಡಿಯಿಂದ ತಂದರೂ ಅಕ್ಕಿ ತೊಳೆದಂತೆ ಕಲಗಚ್ಚು ತಿಳಿಯಾಗುವವರೆಗೆ ತೊಳೆಯಿರಿ. ಕಟ್ಟಡದ ಎಂ-ಸ್ಯಾಂಡ್ ಬೇಡ, ಹಿಟ್ಟಿನಂಥ ಪುಡಿ ಸೇರಿ ಗಟ್ಟಿಯಾಗಿ ಗಾಳಿ ಆಡುವುದಿಲ್ಲ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆಗದೇ ಎಂದು ಎಲ್ಲರೂ ಕೇಳುವ ಪ್ರಶ್ನೆ. ತೆಂಗು ಬೆಳೆಯುವ ನಾಡಿನಲ್ಲಿ ಕೇಳದೇ ಇರುತ್ತಾರೆಯೇ. ಅದರಲ್ಲಿ ಉಪ್ಪಿರುತ್ತದೆ. ಒಂದು ಹಿಡಿಯನ್ನು ಮಳೆನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿದ ನೀರಿಗೆ ಮೀಟರ್ ಅದ್ದಿ ನೋಡಿ, ಕಣ್ಣು ಬಿಡುತ್ತೀರಿ. ಐದಾರು ಸಲ ತೊಳೆದು ಸಂಖ್ಯೆ 50ಕ್ಕೆ ಇಳಿದ ಮೇಲೆ ಪೀಟ್ ಬದಲಿಗೆ ಬಳಸಬಹುದು. ನಾನು ಅಷ್ಟು ತಾಳ್ಮೆಯವನಲ್ಲ.

ನೆಡುವಾಗ ಮಿಶ್ರಣವನ್ನು ಮೊದಲೇ ಒದ್ದೆ ಮಾಡಿ, ನಡುವೆ ಬೆರಳಿಂದ ಗುಳಿ ಮಾಡಿ, ಬೇರು ಇಳಿಬಿಟ್ಟು, ಎಲೆಗಳ ಬುಡ ಮೇಲ್ಮೈಗೆ ಮುಟ್ಟುವಷ್ಟು ಕೂರಿಸಿ. ಒತ್ತಬೇಡಿ. ಕೊರಿಯರ್‌ನಲ್ಲಿ ಬಂದ ಗಿಡದ ಎಲೆ ಮುರಿದು ಅಂಟು ಆರಿಹೋಗಿರುತ್ತದೆ, ಗಾಬರಿಯಾಗಬೇಡಿ. ಸಡಿಲವಾಗಿ ಪಾರದರ್ಶಕ ಡಬ್ಬ ಮುಚ್ಚಿ ನೆರಳಿನ ಬೆಳಕಿನಲ್ಲಿ ಒಂದು ವಾರ ಇಡಿ, ದಿನವೂ ಸ್ವಲ್ಪ ಹೆಚ್ಚು ಹೊತ್ತು ತೆರೆಯುತ್ತ ಬನ್ನಿ. ಮುರಿದ ಎಲೆ ಎಸೆಯಬೇಡಿ, ಅದಕ್ಕೆ ಮುಂದೆ ಕೆಲಸವಿದೆ.

ಗಾಜಿನ ಬುರುಡೆಯೊಳಗೆ ಈ ಗಿಡ ಬೆಳೆಸುವ ಚಿತ್ರಗಳು ನೋಡಲು ಚೆಂದ. ನಮ್ಮ ಹವೆಯಲ್ಲಿ ಮುಚ್ಚಿದ ಗಾಜು ಅಂದರೆ ಇಡ್ಲಿ ಪಾತ್ರೆ. ಪಿಂಗ್‌ಗೆ ಗಾಳಿ ಬೇಕು.

ಬೆಳಕು

ಪೂರ್ವದ ಕಿಟಕಿ ಅತ್ಯುತ್ತಮ. ಬೆಳಗಿನ ಎರಡು-ಮೂರು ಗಂಟೆ ಎಳೆಬಿಸಿಲು, ಆಮೇಲೆ ದಿನವಿಡೀ ಬೆಳಕು. ಪಶ್ಚಿಮದ ಮಧ್ಯಾಹ್ನದ ಬಿಸಿಲಿಗೆ ತೆಳು ಪರದೆ ಹಾಕಿ. ಎಲೆಯೇ ಹೇಳುತ್ತದೆ: ನಸುಗೆಂಪು ಛಾಯೆ ಇದ್ದರೆ ಸರಿ, ಕಡುಹಸಿರಾಗಿ ಉದ್ದಕ್ಕೆ ಜೋಲು ಬಿದ್ದರೆ ಬೆಳಕು ಸಾಲದು, ಅಂಚು ಕಂದಾಗಿ ಒಣಗಿದರೆ ಹೆಚ್ಚಾಯಿತು. ಕಿಟಕಿ ಇಲ್ಲದವರು ಸಾಧಾರಣ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬನ್ನು ಒಂದು ಗೇಣು ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿ. ನೇರಳೆ ಬಣ್ಣದ ದುಬಾರಿ ‘ಗ್ರೋ ಲೈಟ್’ ಬೇಕಿಲ್ಲ; ಪಕ್ಕದ ಮನೆಯವರು ಪಬ್ ತೆರೆದಿದ್ದೀರಾ ಎಂದಾರು.

ವರ್ಷದ ಓಟ

ಜೂನ್‌ನಲ್ಲಿ ಮೋಡ ಕವಿದು ಗಾಳಿ ತಂಪಾಗುತ್ತಿದ್ದಂತೆ ನಡುವಿನಿಂದ ಅಗಲ ಎಲೆಗಳು ಬರತೊಡಗುತ್ತವೆ. ಆಗ ಕುಂಡವನ್ನು ತಟ್ಟೆಯಲ್ಲಿಟ್ಟು ಒಂದು ಸೆಂಟಿಮೀಟರ್ ನೀರು ನಿಲ್ಲಿಸಿ. ತಟ್ಟೆ ಒಣಗಿದ ಮೇಲೆ ಒಂದೆರಡು ದಿನ ಬಿಟ್ಟು ಮತ್ತೆ ಹಾಕಿ. ಈ ವೇಷದಲ್ಲಿ ನೀರು ಕೆಳಗಿನಿಂದಲೇ. ಮೇಲಿನಿಂದ ಸುರಿದರೆ ಅಂಟು ತೊಳೆದುಹೋಗುತ್ತದೆ, ನಡುವಿನ ಚಿಗುರಿನಲ್ಲಿ ನೀರು ನಿಂತು ಕೊಳೆಯುತ್ತದೆ. ಅಕ್ಟೋಬರ್ ಮಳೆಯವರೆಗೆ ಇದೇ ಕ್ರಮ.

ನವೆಂಬರ್ ಕೊನೆಗೆ ಕಣ್ಣಿಡಿ. ಹೊಸದಾಗಿ ಬರುವ ಎಲೆ ಚಿಕ್ಕದು, ದಪ್ಪ, ಮುಟ್ಟಿದರೆ ಅಂಟುವುದಿಲ್ಲ ಎಂದಾದರೆ ತಟ್ಟೆಯ ನೀರು ನಿಲ್ಲಿಸಿ. ಹಳೆಯ ದೊಡ್ಡ ಎಲೆಗಳು ಒಂದೊಂದೇ ಒಣಗುತ್ತವೆ. ಗಿಡ ಸಾಯುತ್ತಿಲ್ಲ, ಬಟ್ಟೆ ಬದಲಿಸುತ್ತಿದೆ. ಎಂಟು-ಹತ್ತು ದಿನಕ್ಕೊಮ್ಮೆ ಕುಂಡದ ಅಂಚಿಗೆ ಎರಡು ಚಮಚ ನೀರು ಸಾಕು. ಕುಂಡ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ತೂಕವೇ ನೀರಿನ ಲೆಕ್ಕ ಹೇಳುತ್ತದೆ. ಮಿಶ್ರತಳಿಗಳು ಕೆಲವೊಮ್ಮೆ ಅರೆಮನಸ್ಸಿನಿಂದ ವೇಷ ಬದಲಿಸುತ್ತವೆ, ಕೆಲವು ಬದಲಿಸುವುದೇ ಇಲ್ಲ. ಆಗ ಕ್ಯಾಲೆಂಡರ್ ಬಿಟ್ಟು ಎಲೆಯನ್ನು ನಂಬಿ.

ನಮ್ಮಲ್ಲಿ ಕಷ್ಟ ಮಾರ್ಚ್‌ನಿಂದ ಮೇವರೆಗೆ. ಬಿಸಿಲು 34-35 ಡಿಗ್ರಿಗೆ ಏರಿದ ದಿನ ಗಿಡವನ್ನು ಕಿಟಕಿಯಿಂದ ಒಳಕ್ಕೆ ಸರಿಸಿ, ನೆಲದ ಹತ್ತಿರ ಇಡಿ. ಬಿಸಿ ಮತ್ತು ಒದ್ದೆ ಎರಡೂ ಸೇರಿದರೆ ಕೊಳೆ ಗ್ಯಾರಂಟಿ, ಆದ್ದರಿಂದ ಸೆಕೆಯ ದಿನಗಳಲ್ಲಿ ನೀರು ಕಡಿಮೆಯೇ ಇರಲಿ. ರಾತ್ರಿ ಫ್ಯಾನ್ ಗಾಳಿ ತಾಕಿದರೆ ಒಳ್ಳೆಯದು.

ಊಟ

ಎಲೆಯನ್ನು ಭೂತಗನ್ನಡಿ ಹಿಡಿದು ನೋಡಿ. ಮೈತುಂಬ ಗುಂಡುಸೂಜಿಯಂಥ ರೋಮ, ಪ್ರತಿ ತಲೆಯ ಮೇಲೆ ಒಂದು ಹನಿ. ನುಸಿ ಕೂತಾಗ ಕಾಲು ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ರೆಕ್ಕೆ, ಹೊಟ್ಟೆ ಎಲ್ಲ ಹೆಚ್ಚು ಹನಿಗಳಿಗೆ ತಾಗುತ್ತದೆ. ಕೆಳಗೆ ರೋಮವಿಲ್ಲದೆ ಎಲೆಗೇ ಅಂಟಿಕೊಂಡ ಇನ್ನೊಂದು ಬಗೆಯ ಗ್ರಂಥಿಗಳಿವೆ. ಜೀರ್ಣರಸ ಬರುವುದು ಅಲ್ಲಿಂದ. ಸಂಜೆ ಕೂತ ನುಸಿಯ ಸುತ್ತ ಬೆಳಿಗ್ಗೆ ಸಣ್ಣ ಕೊಳ, ನಾಲ್ಕು ದಿನಕ್ಕೆ ಬರೀ ಸಿಪ್ಪೆ. ದೊಡ್ಡ ಬೇಟೆ ಸಿಕ್ಕರೆ ಎಲೆಯ ಅಂಚು ನಿಧಾನವಾಗಿ ಒಳಕ್ಕೆ ಮಡಚುತ್ತದೆ. ಡಾರ್ವಿನ್ 1875ರಲ್ಲಿ ಪ್ರಕಟಿಸಿದ ಕೀಟಾಹಾರಿ ಸಸ್ಯಗಳ ಪುಸ್ತಕದಲ್ಲಿ ಈ ಮಡಚುವಿಕೆಯನ್ನು ಅಳೆದಿದ್ದಾನೆ. ಉದುರಿದ ಪರಾಗವನ್ನೂ ಈ ಎಲೆ ಅರಗಿಸಿಕೊಳ್ಳುತ್ತದೆಂದು ತೋರಿಸಿದವನೂ ಅವನೇ.

ಮನೆಯಲ್ಲಿ ನುಸಿ ಇದ್ದರೆ ನೀವು ಊಟ ಹಾಕಬೇಕಿಲ್ಲ. ಇಲ್ಲದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಒಣ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಸಣ್ಣ ಹುಳು) ತಂದು, ಎರಡು ಹನಿ ನೀರಲ್ಲಿ ನೆನೆಸಿ, ಹಲ್ಲುಕಡ್ಡಿಯ ತುದಿಯಿಂದ ಸಾಸಿವೆಗಿಂತ ಚಿಕ್ಕ ತುಣುಕನ್ನು ಎಲೆಗೆ ತಾಗಿಸಿ. ಮಳೆಗಾಲದ ವೇಷದಲ್ಲಿ ಹದಿನೈದು ದಿನಕ್ಕೊಮ್ಮೆ, ಒಂದೆರಡು ಎಲೆಗೆ ಮಾತ್ರ. ಹೆಚ್ಚು ಹಾಕಿದರೆ ಬೂಷ್ಟು ಬರುತ್ತದೆ. ಮಾಂಸದ ಚೂರು, ಅನ್ನದ ಅಗುಳು, ಹಾಲು ಯಾವುದೂ ಬೇಡ. ಚಳಿಗಾಲದ ಗುಪ್ಪೆಗೆ ಉಪವಾಸ.

ಜೊತೆಗಾರರು

ಪಿಂಗ್ ನಿಂತ ಮೇಲೆ ಮನಸ್ಸು ಉಳಿದವುಗಳತ್ತ ಓಡುತ್ತದೆ. ಡ್ರಾಸೆರಾ ನಮ್ಮದೇ ಗಿಡ. ಅದರ ಬರ್ಮಾನಿ ಮತ್ತು ಇಂಡಿಕಾ ಪ್ರಭೇದಗಳು ಕರ್ನಾಟಕದ ಜಂಬಿಟ್ಟಿಗೆ ಬಯಲುಗಳಲ್ಲಿ, ನೀರು ಜಿನುಗುವ ಹುಲ್ಲು ನೆಲದಲ್ಲಿ ಕಾಣಸಿಗುತ್ತವೆ. ಕಂಡರೆ ಮಂಡಿಯೂರಿ ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ. ಬೀಜ ಹವ್ಯಾಸಿಗಳಲ್ಲಿ ಸಿಗುತ್ತದೆ. ಬರ್ಮಾನಿಯ ಅಂಚಿನ ರೋಮಗಳು ಕೀಟ ತಾಗಿದ ಕೆಲವೇ ಸೆಕೆಂಡಿನಲ್ಲಿ ಬಾಗುತ್ತವೆ. ಅದಕ್ಕೆ ಬೇಕಾದ್ದು ಪೀಟ್ ಮತ್ತು ಮರಳು ಸಮಸಮ, ಹೆಚ್ಚು ಬಿಸಿಲು, ತಟ್ಟೆಯಲ್ಲಿ ಸದಾ ನೀರು. ಎಲ್ಲದರಲ್ಲೂ ಪಿಂಗ್‌ಗೆ ತದ್ವಿರುದ್ಧ, ಒಂದೇ ತಟ್ಟೆಯಲ್ಲಿ ಇಡಬೇಡಿ.

ನರ್ಸರಿಗಳಲ್ಲಿ ತೂಗುಬುಟ್ಟಿಯಲ್ಲಿ ಮಾರುವ ಹೂಜಿ ಗಿಡ ಸಾಮಾನ್ಯವಾಗಿ ಫಿಲಿಪ್ಪೀನ್ಸ್ ಮೂಲದ ವೆಂಟ್ರಾಟಾ ಎಂಬ ಮಿಶ್ರತಳಿ. ಗಟ್ಟಿಜೀವ. ಸ್ಫ್ಯಾಗ್ನಂ ಪಾಚಿ, ಪರ್ಲೈಟ್, ತೊಳೆದ ತೆಂಗಿನ ಚಿಪ್ಸ್ ಮಿಶ್ರಣ ಸಾಕು. ಬುಡದಲ್ಲಿ ನೀರು ನಿಲ್ಲಬಾರದು. ಹೂಜಿಯೊಳಗಿನ ದ್ರವ ಕೊಳಕೆಂದು ಚೆಲ್ಲಬೇಡಿ, ಅದೇ ಅದರ ಹೊಟ್ಟೆ. ಹೊಸ ಎಲೆಗೆ ಹೂಜಿ ಕಟ್ಟದಿದ್ದರೆ ಬೆಳಕೋ ತೇವವೋ ಕಡಿಮೆಯಾಗಿದೆ. ಭಾರತದ ಏಕೈಕ ಸ್ವಂತ ಹೂಜಿ ಗಿಡ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಅದಕ್ಕೆ ಕಾನೂನಿನ ರಕ್ಷಣೆಯಿದೆ, ಯಾರೋ ಅಗ್ಗಕ್ಕೆ ಕೊಟ್ಟರೆಂದು ಕೈಚಾಚಬೇಡಿ.

ಮಕ್ಕಳು ಕೇಳುವುದು ವೀನಸ್ ಫ್ಲೈಟ್ರಾಪ್. ಅಮೆರಿಕದ ಕೆರೊಲಿನಾ ಕರಾವಳಿಯ ಗಿಡ, ಮೂರು-ನಾಲ್ಕು ತಿಂಗಳು ಚಳಿಯ ನಿದ್ರೆ ಬೇಡುತ್ತದೆ. ನಮ್ಮಲ್ಲಿ ಅದಕ್ಕಾಗಿ ಗಿಡವನ್ನು ಪಾಚಿಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡಬೇಕು, ಮನೆಯವರ ಒಪ್ಪಿಗೆ ಇದ್ದರೆ. ಬೆರಳಿಂದ ಬಾಯಿ ಮುಚ್ಚಿಸಿ ಆಡುವುದು ಗಿಡಕ್ಕೆ ದಂಡ. ಒಂದು ಬಾಯಿ ಕೆಲವೇ ಸಲ ಕೆಲಸ ಮಾಡಿ ಒಣಗುತ್ತದೆ. ಮೊದಲ ಗಿಡವಾಗಿ ಇದನ್ನು ತರಬೇಡಿ ಎಂದೇ ನನ್ನ ಸಲಹೆ.

ಕಾಟಗಳು

ಹಿಟ್ಟು ತಿಗಣೆ ಎಲೆಬುಡದಲ್ಲಿ ಹತ್ತಿಯಂತೆ ಕೂರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ ತೆಗೆಯಿರಿ. ಬೇವಿನೆಣ್ಣೆ ಸಿಂಪಡಿಸಬೇಡಿ, ಎಣ್ಣೆ ಎಲೆಯ ಗ್ರಂಥಿಗಳನ್ನೇ ಮುಚ್ಚಿಬಿಡುತ್ತದೆ. ಬಸವನಹುಳ ಒಂದೇ ರಾತ್ರಿಯಲ್ಲಿ ಇಡೀ ಗಿಡ ಮುಗಿಸಬಲ್ಲದು, ಮಳೆಗಾಲದ ರಾತ್ರಿ ಟಾರ್ಚ್ ಹಾಕಿ ನೋಡಿ. ನಡುಭಾಗ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ ಕೊಳೆ ಹತ್ತಿದೆ. ಗಿಡ ಕಿತ್ತು, ಇನ್ನೂ ಗಟ್ಟಿಯಾಗಿರುವ ಎಲೆಗಳನ್ನು ಬಿಡಿಸಿಕೊಂಡು, ಉಳಿದದ್ದನ್ನು ಎಸೆಯಿರಿ.

ಎಲೆಯಿಂದ ಮರಿ

ಬಿಡಿಸಿಕೊಂಡ ಆ ಎಲೆಗಳಿಗೆ ಈಗ ಕೆಲಸ. ಮುರಿದವಾದರೂ ಬುಡ ಉಳಿದಿದ್ದರೆ ಆಗುತ್ತದೆ, ಆದರೆ ಚಳಿಗಾಲದ ದಪ್ಪ ಪುಟ್ಟ ಎಲೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ. ಜನವರಿಯಲ್ಲಿ, ಬೇಸಿಗೆಗೆ ಮುಂಚೆ, ಹೊರಸುತ್ತಿನ ಎಲೆಯೊಂದನ್ನು ಟ್ವೀಜರ್‌ನಿಂದ ಬುಡದಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ಸಣ್ಣ ‘ಟಕ್’ ಎಂದು ಬಿಡುತ್ತದೆ. ಬುಡದಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ತುದಿ ಬಂದಿರಬೇಕು. ಅದು ಗಿಡದಲ್ಲೇ ಉಳಿದರೆ ಮರಿ ಬರುವುದಿಲ್ಲ.

ಮುಚ್ಚಳವಿರುವ ಸಿಹಿತಿಂಡಿ ಡಬ್ಬದಲ್ಲಿ ಅರ್ಧ ಇಂಚು ಒದ್ದೆ ಪರ್ಲೈಟ್ ಹರಡಿ, ಎಲೆಗಳನ್ನು ಅಂಗಾತ ಮಲಗಿಸಿ, ಬಿಳಿ ತುದಿ ಪರ್ಲೈಟ್‌ಗೆ ತಾಗಿರಲಿ. ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಮೇಲೆ ತಾರೀಖು ಮತ್ತು ಗಿಡದ ಹೆಸರು ಬರೆಯಿರಿ, ಆಮೇಲೆ ನೆನಪಿರುತ್ತದೆಂಬ ಧೈರ್ಯ ಬೇಡ. ಮೂರನೇ ವಾರದ ಹೊತ್ತಿಗೆ ಬುಡದಲ್ಲಿ ರಾಗಿ ಕಾಳಿನಷ್ಟು ಹಸಿರು ಉಬ್ಬು, ಐದಾರನೇ ವಾರಕ್ಕೆ ಅದರಲ್ಲಿ ಎರಡೋ ಮೂರೋ ಮರಿ, ಕೆಳಗೆ ಬಿಳಿ ದಾರ. ತಾಯಿ ಎಲೆ ತಾನಾಗಿ ಸುಕ್ಕುಗಟ್ಟಿ ಒಣಗುವವರೆಗೂ ಬಿಡಿಸಬೇಡಿ, ಮರಿಗಳು ಅದನ್ನೇ ಉಂಡು ಬೆಳೆಯುತ್ತಿರುತ್ತವೆ. ಮೇ ತಿಂಗಳ ಸೆಕೆಯನ್ನು ಡಬ್ಬದಲ್ಲೇ, ಮುಚ್ಚಳ ಓರೆ ಮಾಡಿ ಕಳೆಯಲಿ. ಮೊದಲ ನಾಲ್ಕು ಮಳೆ ಬಿದ್ದು ಗಾಳಿ ತಂಪಾದ ಮೇಲೆ ಒಂದೊಂದನ್ನು ಒಂದೊಂದು ಮೊಸರಿನ ಡಬ್ಬಿಗೆ ಇಳಿಸಿ.